ಒಂದೇ ಅಂತರದ ಕೊರೆತ, ಬೇರೆ ಬೇರೆ ವರ್ಗ: ಖನಿಜ ಸಂಪನ್ಮೂಲದ ವರ್ಗೀಕರಣ ಕುರಿತು ಪ್ರಶ್ನೋತ್ತರ

ಪ್ರಶ್ನೆ: ನಮಸ್ಕಾರ ಸರ್. ನಾನು ಭೂವಿಜ್ಞಾನದ ವಿದ್ಯಾರ್ಥಿನಿ. ಒಂದು ಅನ್ವೇಷಣಾ ವರದಿಯಲ್ಲಿ 50 ಮೀಟರ್ ಅಂತರದಲ್ಲಿ ಕೊರೆದ ಭಾಗವನ್ನು ‘ಇಂಡಿಕೇಟೆಡ್’ ಎಂದೂ, ಮತ್ತೊಂದರಲ್ಲಿ ಅಷ್ಟೇ ಅಂತರದ ಭಾಗವನ್ನು ‘ಇನ್‌ಫರ್ಡ್’ ಎಂದೂ ವರ್ಗೀಕರಿಸಿದ್ದಾರೆ. ಇಷ್ಟು ಅಂತರಕ್ಕೆ ಇಂಥ ವರ್ಗ ಎಂಬ ನಿಯಮವಿಲ್ಲವೇ?

ಉತ್ತರ: ಇಲ್ಲ, ಇರಲೂಬಾರದು ಎಂಬುದು ನನ್ನ ಅಭಿಪ್ರಾಯ. ಖನಿಜ ಸಂಪನ್ಮೂಲದ ವರದಿಗಾಗಿ ಆಸ್ಟ್ರೇಲಿಯಾದಲ್ಲಿ ಬಳಸುವ ಜೋರ್ಕ್ ಸಂಹಿತೆಯ 2012ರ ಆವೃತ್ತಿಯಾಗಲಿ, ಕೆನಡಾದಲ್ಲಿ ಬಳಕೆಯಲ್ಲಿರುವ ವ್ಯಾಖ್ಯೆಗಳಾಗಲಿ ಕೊರೆತದ ಅಂತರವನ್ನು ಮೀಟರುಗಳಲ್ಲಿ ನಿಗದಿಪಡಿಸಿಲ್ಲ. ಎರಡು ಕೊರೆತಗಳ ನಡುವೆ, ನಾವು ಕಾಣದ ಜಾಗದಲ್ಲಿ, ಅದಿರಿನ ಕಾಯವೂ ಅದರ ಗ್ರೇಡೂ (ಅದಿರಿನಲ್ಲಿ ಬೇಕಾದ ಲೋಹ ಅಥವಾ ಖನಿಜ ಇರುವ ಪ್ರಮಾಣ) ಮುಂದುವರಿದಿವೆಯೆಂದು ಎಷ್ಟು ಭರವಸೆಯಿಂದ ಹೇಳಬಹುದು ಎಂಬುದನ್ನೇ ಅವು ಕೇಳುತ್ತವೆ. ಪುರಾವೆಗಳು ಆ ನಿರಂತರತೆಯನ್ನು ಸೂಚಿಸಿ, ಖಚಿತಪಡಿಸದೆ ಉಳಿದರೆ ಅದು ಇನ್‌ಫರ್ಡ್. ಮಾಹಿತಿಯ ಬಿಂದುಗಳ ನಡುವೆ ನಿರಂತರತೆ ಇದೆಯೆಂದು ಸಕಾರಣವಾಗಿ ಭಾವಿಸಬಹುದಾದರೆ ಇಂಡಿಕೇಟೆಡ್. ಖಚಿತವಾಗಿ ದೃಢಪಡಿಸಬಹುದಾದರೆ ಮೆಷರ್ಡ್. ಪದರ ಪದರವಾಗಿ ಹರಡಿರುವ ಕಲ್ಲಿದ್ದಲಿನಲ್ಲಿ ನೂರಾರು ಮೀಟರ್ ಅಂತರವೂ ಸಾಲಬಹುದು. ಒಂದೇ ಬೆಣಚುಕಲ್ಲಿನ (ಕ್ವಾರ್ಟ್ಜ್) ಎಳೆಯೊಳಗೆ ಅಡಿಗಡಿಗೆ ಗ್ರೇಡ್ ಬದಲಾಗುವ, ಒರಟು ಕಣಗಳ ಚಿನ್ನಕ್ಕೆ 25 ಮೀಟರ್ ಕೂಡ ಸಾಲದೇ ಹೋಗಬಹುದು. ತಾವು ಓದಿದ ಎರಡು ವರದಿಗಳು ಒಂದೇ ಬಗೆಯ ಅದಿರಿಗೆ ಸಂಬಂಧಿಸಿವೆಯೇ ಎಂಬುದನ್ನು ಮೊದಲು ನೋಡಿ.

ಪ್ರಶ್ನೆ: ಹಾಗಾದರೆ ಕೊರೆತಗಳನ್ನು ಸಾಕಷ್ಟು ಹತ್ತಿರ ತಂದರೆ ಇನ್‌ಫರ್ಡ್ ಭಾಗವೆಲ್ಲ ಕ್ರಮೇಣ ಮೆಷರ್ಡ್ ಆಗುತ್ತದೆಯೇ?

ಉತ್ತರ: ಮಾಹಿತಿಯೇ ನಂಬಿಕೆಗೆ ಅರ್ಹವಲ್ಲದಿದ್ದರೆ ಆಗುವುದಿಲ್ಲ. ಕೊರೆದು ತೆಗೆದ ಕಲ್ಲಿನ ಕೋರ್ ಎಷ್ಟು ಪಾಲು ಕೈಸೇರಿತು, ಕೊರೆತವು ಆಳದಲ್ಲಿ ಎತ್ತ ವಾಲಿತು, ಸಾಂದ್ರತೆಯನ್ನು ಅಳೆದಿದ್ದಾರೋ ಅಂದಾಜಿನಲ್ಲಿ ಬರೆದಿದ್ದಾರೋ, ಪ್ರಯೋಗಾಲಯಕ್ಕೆ ಹೋದ ಮಾದರಿಗಳ ನಡುವೆ ಗ್ರೇಡ್ ಮೊದಲೇ ತಿಳಿದಿರುವ ಮಾದರಿಗಳನ್ನೂ ಚಿನ್ನವೇ ಇಲ್ಲದ ಕಲ್ಲನ್ನೂ ಸೇರಿಸಿದ್ದರೇ ಎಂಬುದೆಲ್ಲ ವರ್ಗವನ್ನು ನಿರ್ಧರಿಸುತ್ತದೆ. ಇಂಡೋನೇಷ್ಯಾದ ಬುಸಾಂಗ್‌ನಲ್ಲಿ ಬ್ರೀ-ಎಕ್ಸ್ ಕಂಪನಿ ಕೊರೆದದ್ದಕ್ಕೆ ಕೊರತೆಯಿರಲಿಲ್ಲ; ಆದರೆ ಮಾದರಿಗಳಿಗೆ ಹೊರಗಿನ ಚಿನ್ನ ಬೆರೆಸಲಾಗಿತ್ತೆಂಬುದು 1997ರಲ್ಲಿ ಬಯಲಾಯಿತು. ಮರುಪರೀಕ್ಷೆಗೆಂದು ಕೋರ್‌ನ ಅರ್ಧವನ್ನು ಉಳಿಸಿಕೊಳ್ಳುವ ವಾಡಿಕೆಯನ್ನೂ ಅಲ್ಲಿ ಕೈಬಿಡಲಾಗಿತ್ತು. ಕೆನಡಾ 2001ರಲ್ಲಿ ಗಣಿ ಯೋಜನೆಗಳ ಮಾಹಿತಿ ಪ್ರಕಟಣೆಗೆ ಸಂಬಂಧಿಸಿದ 43-101 ನಿಯಮಾವಳಿಯನ್ನು ಜಾರಿಗೆ ತಂದುದರ ಹಿಂದೆ ಈ ಪ್ರಕರಣದ ಒತ್ತಡವಿತ್ತು.

ಪ್ರಶ್ನೆ (ಇನ್ನೊಬ್ಬರು): ಮೂರೂ ವರ್ಗಗಳ ಟನ್ನುಗಳನ್ನು ಕೂಡಿಸಿ ಗಣಿಯ ಆಯುಷ್ಯ ಲೆಕ್ಕ ಹಾಕಬಹುದೇ?

ಉತ್ತರ: ಕೂಡದು. ಇನ್‌ಫರ್ಡ್ ಭಾಗವನ್ನು ರಿಸರ್ವ್ (ಲಾಭದಾಯಕವಾಗಿ ಅಗೆದು ತೆಗೆಯಬಹುದಾದ ಭಾಗ) ಆಗಿ ಪರಿವರ್ತಿಸಲು ಅವಕಾಶವೇ ಇಲ್ಲ. ಇಂಡಿಕೇಟೆಡ್ ಭಾಗವು ಗಣಿಗಾರಿಕೆಯ ವಿಧಾನ, ಸಂಸ್ಕರಣೆ, ಮಾರುಕಟ್ಟೆ, ಪರಿಸರ, ಕಾನೂನು ಮುಂತಾದ ಅಂಶಗಳ ಪರಿಶೀಲನೆಯಲ್ಲಿ ತೇರ್ಗಡೆಯಾದರೆ ‘ಪ್ರಾಬಬಲ್’ ರಿಸರ್ವ್ ಆಗುತ್ತದೆ. ಮೆಷರ್ಡ್ ಭಾಗವು ‘ಪ್ರೂವ್ಡ್’ ಆಗಬಹುದು. ಆದರೆ ಈ ಅಂಶಗಳಲ್ಲಿ ಯಾವುದಾದರೂ ಅನಿಶ್ಚಿತವಾಗಿದ್ದರೆ, ಭೂವೈಜ್ಞಾನಿಕ ಭರವಸೆ ಎಷ್ಟೇ ಗಟ್ಟಿಯಾಗಿದ್ದರೂ, ಅದನ್ನು ಪ್ರಾಬಬಲ್ ಎಂದೇ ಇಳಿಸಬೇಕಾಗುತ್ತದೆ.