ಗಿಟ್ ಸ್ಟೇಟಸ್ ನಿಧಾನ, ಕರೆಂಟು ಹೋದ ಮೇಲೆ ಖಾಲಿ ಆಬ್ಜೆಕ್ಟ್, ಎರಡೆರಡಾಗಿ ಕಾಣುವ ಕನ್ನಡ ಫೈಲುಗಳು: ಪರಿಹಾರವೇನು?

ಪ್ರಶ್ನೆ: ಕರಡು_ಮಂಗಳೂರು

ಎಲ್ಲರಿಗೂ ನಮಸ್ಕಾರ. ನಾವು ಕೆಲವರು ಸೇರಿ ಕರಾವಳಿಯ ಊರುಗಳಿಗೆ ಸಂಬಂಧಿಸಿದ ಹಳೆಯ ಮುದ್ರಿತ ಪುಟಗಳನ್ನು ಸ್ಕ್ಯಾನ್ ಮಾಡಿ, ಓಸಿಆರ್ (ಚಿತ್ರದಲ್ಲಿನ ಅಕ್ಷರಗಳನ್ನು ಗುರುತಿಸುವ ತಂತ್ರಾಂಶ) ಮೂಲಕ ಪಠ್ಯವಾಗಿಸಿ, ಕೈಯಿಂದ ಕರಡು ತಿದ್ದಿ ಸಂಗ್ರಹಿಸುತ್ತಿದ್ದೇವೆ. ಪುಟಕ್ಕೊಂದು ಪಠ್ಯದ ಫೈಲು, ಅದರ ಜೊತೆಗೆ ತಿದ್ದುಪಡಿಯ ಟಿಪ್ಪಣಿಯ ಇನ್ನೊಂದು ಫೈಲು ಇರುವುದರಿಂದ ಲಕ್ಷಕ್ಕೂ ಮೀರಿದ ಸಣ್ಣ ಫೈಲುಗಳು ಒಂದೇ ಗಿಟ್ ರೆಪಾಸಿಟರಿಯಲ್ಲಿ (ಫೈಲುಗಳ ಬದಲಾವಣೆಗಳನ್ನು ದಾಖಲಿಸಿಡುವ ಗಿಟ್ ತಂತ್ರಾಂಶದ ಸಂಗ್ರಹದಲ್ಲಿ) ಸೇರಿಕೊಂಡಿವೆ. ಮಂಗಳೂರಿನಲ್ಲಿ ನಾವು ವಿಂಡೋಸ್ ಮತ್ತು ಲಿನಕ್ಸ್ ಬಳಸುತ್ತೇವೆ. ಉಡುಪಿಯಲ್ಲಿ ಕರಡು ತಿದ್ದುವ ನಮ್ಮ ಸಹೋದ್ಯೋಗಿಯೊಬ್ಬರ ಬಳಿ ಹಳೆಯ ಮ್ಯಾಕ್ ಇದೆ.

ಮೊದಲನೆಯ ತೊಂದರೆ ವೇಗದ್ದು. ವಿಂಡೋಸ್ ಯಂತ್ರಗಳಲ್ಲಿ ಏನೇನು ಬದಲಾಗಿದೆ ಎಂದು ತಿಳಿಸುವ ‘ಗಿಟ್ ಸ್ಟೇಟಸ್’ ಆಜ್ಞೆ ಕೊಟ್ಟರೆ ಉತ್ತರ ಬರಲು ಅರ್ಧ ನಿಮಿಷ ಹಿಡಿಯುತ್ತದೆ, ಲಿನಕ್ಸ್‌ನಲ್ಲಿಯೂ ಮೊದಲಿನ ಚುರುಕು ಉಳಿದಿಲ್ಲ. ಎರಡನೆಯದು ಇದಕ್ಕಿಂತ ಗಂಭೀರವಾದುದು: ಮಳೆಗಾಲದಲ್ಲಿ ಕರೆಂಟು ಹೋಗಿ ಲಿನಕ್ಸ್ ಯಂತ್ರ ಆಫ್ ಆದ ಮೇಲೆ ಮರಳಿ ತೆರೆದಾಗ, ಆಬ್ಜೆಕ್ಟ್ ಫೈಲು (ಗಿಟ್ ತನ್ನ ಮಾಹಿತಿಯನ್ನು ಇಟ್ಟುಕೊಳ್ಳುವ ಫೈಲು) ಖಾಲಿಯಿದೆ ಎಂಬ ದೋಷಸಂದೇಶ ಬಂದು ಏನನ್ನೂ ಕಮಿಟ್ ಮಾಡಲಾಗದ, ಅಂದರೆ ಬದಲಾವಣೆಗಳನ್ನು ಗಿಟ್‌ನಲ್ಲಿ ದಾಖಲಿಸಲಾಗದ ಸ್ಥಿತಿ ಉಂಟಾಗಿದೆ. ಮೂರನೆಯದು ನಮಗೆ ಅರ್ಥವೇ ಆಗದ ಸಂಗತಿ. ಫೋಲ್ಡರ್‌ಗಳಿಗೆ ಊರಿನ ಹೆಸರನ್ನು ಕನ್ನಡದಲ್ಲೇ ಇಟ್ಟಿದ್ದೇವೆ. ಕಾಪು, ಮಲ್ಪೆ ಎಂಬ ಫೋಲ್ಡರ್‌ಗಳು ಎಲ್ಲ ಯಂತ್ರಗಳಲ್ಲೂ ಸರಿಯಾಗಿವೆ. ಕೋಟ, ಬೈಂದೂರು ಎಂಬವು ಮಾತ್ರ ಉಡುಪಿಯ ಮ್ಯಾಕ್‌ನಿಂದ ಕಮಿಟ್ ಆಗಿ ಬಂದ ಬಳಿಕ ಲಿನಕ್ಸ್‌ನಲ್ಲಿ ಒಂದೇ ಹೆಸರಿನ ಎರಡೆರಡು ಫೋಲ್ಡರ್‌ಗಳಾಗಿ ಕಾಣುತ್ತಿವೆ.

ತಂಡದ ಇಬ್ಬರು ಕಿರಿಯರಿಗೆ ಸಿ ಭಾಷೆ ಚೆನ್ನಾಗಿ ಬರುತ್ತದೆ. ಇಂತಹ ದೋಷಗಳನ್ನು ಗಿಟ್‌ನ ಮೂಲ ಸಂಕೇತದಲ್ಲೇ ಹುಡುಕಿ ತಿದ್ದುವ ಆಸೆ ಅವರದು. ಅವರು ಎಲ್ಲಿಂದ ಆರಂಭಿಸಬೇಕು ಎಂಬುದನ್ನೂ ತಿಳಿದವರು ಹೇಳಿದರೆ ಉಪಕಾರವಾಗುತ್ತದೆ.

ಉತ್ತರ: ಮಣಿಪಾಲ_ಡೆವ್

ವೇಗದ ವಿಷಯವನ್ನು ಮಾತ್ರ ನಾನು ತೆಗೆದುಕೊಳ್ಳುತ್ತೇನೆ. ಯಾವ ಸೆಟ್ಟಿಂಗ್ ಬದಲಿಸುವುದಕ್ಕೂ ಮೊದಲು ಸಮಯ ಎಲ್ಲಿ ಹೋಗುತ್ತಿದೆ ಎಂಬುದನ್ನು ಅಳೆಯಿರಿ ಎಂದು ಒತ್ತಿ ಹೇಳಬಯಸುತ್ತೇನೆ. ಅಂತರ್ಜಾಲದಲ್ಲಿ ಸಿಗುವ ಹತ್ತು ಸಲಹೆಗಳನ್ನು ಒಟ್ಟಿಗೆ ಹಾಕಿಬಿಟ್ಟರೆ ಯಾವುದರಿಂದ ಲಾಭವಾಯಿತು, ಯಾವುದರಿಂದ ಹೊಸ ತೊಂದರೆ ಹುಟ್ಟಿತು ಎಂಬುದು ಎಂದಿಗೂ ತಿಳಿಯುವುದಿಲ್ಲ.

‘ಗಿಟ್ ಸ್ಟೇಟಸ್’ ಮುಖ್ಯವಾಗಿ ಎರಡು ಕೆಲಸ ಮಾಡುತ್ತದೆ. ಇಂಡೆಕ್ಸ್‌ನಲ್ಲಿ (ಗಿಟ್ ಗಮನಿಸುತ್ತಿರುವ ಫೈಲುಗಳ ಪಟ್ಟಿಯಲ್ಲಿ) ಇರುವ ಪ್ರತಿಯೊಂದು ಫೈಲಿನ ಗಾತ್ರ, ಬದಲಾದ ಸಮಯ ಮೊದಲಾದ ವಿವರಗಳನ್ನು ಆಪರೇಟಿಂಗ್ ಸಿಸ್ಟಂನಿಂದ ಕೇಳಿ ಪಡೆದು, ತಾನು ಹಿಂದೆ ಬರೆದಿಟ್ಟುಕೊಂಡ ವಿವರಗಳೊಂದಿಗೆ ಹೋಲಿಸುವುದು ಒಂದು. ಇಂಡೆಕ್ಸ್‌ನಲ್ಲಿ ಇಲ್ಲದ ಹೊಸ ಫೈಲುಗಳಿವೆಯೇ ಎಂದು ಫೋಲ್ಡರ್‌ಗಳನ್ನೆಲ್ಲ ತೆರೆದು ನೋಡುವುದು ಇನ್ನೊಂದು. ಮೊದಲನೆಯದರಲ್ಲಿ ಫೈಲಿನ ಒಳಗಿರುವ ಪಠ್ಯವನ್ನು ಗಿಟ್ ಸಾಮಾನ್ಯವಾಗಿ ಓದುವುದೇ ಇಲ್ಲ. ಗಾತ್ರವೂ ಸಮಯವೂ ಬದಲಾಗದಿದ್ದರೆ ಒಳಗಿನದೂ ಬದಲಾಗಿಲ್ಲ ಎಂಬ ಊಹೆಯೇ ಅದರ ವೇಗದ ಗುಟ್ಟು. ಇಂಡೆಕ್ಸ್ ಬರೆದ ಅದೇ ಕ್ಷಣದಲ್ಲಿ ಫೈಲು ಬದಲಾಗಿ, ಗಾತ್ರ ಹಾಗೆಯೇ ಉಳಿದರೆ ಈ ಊಹೆ ತಪ್ಪುತ್ತದೆ. ಅದಕ್ಕಾಗಿ, ಇಂಡೆಕ್ಸ್‌ನಷ್ಟೇ ಅಥವಾ ಅದಕ್ಕಿಂತ ಹೊಸದಾದ ಸಮಯವುಳ್ಳ ಫೈಲುಗಳನ್ನು ನಂಬದೆ ಅವುಗಳ ಪಠ್ಯವನ್ನೇ ಹೋಲಿಸುವ ಏರ್ಪಾಡನ್ನು ಗಿಟ್ ಮಾಡಿಕೊಂಡಿದೆ. ನಿಮ್ಮ ಮೂರೂ ತೊಂದರೆಗಳ ಹಿಂದೆ ಇಂತಹದೊಂದು ಊಹೆ ಇರುವ ಸಾಧ್ಯತೆ ಹೆಚ್ಚು. ಊಹೆ ಎಲ್ಲಿ ಮುರಿಯುತ್ತದೆಯೋ ಅಲ್ಲಿಯೇ ದೋಷವನ್ನು ಹುಡುಕಬೇಕು.

ಅಳೆಯುವ ಸುಲಭ ದಾರಿ ಹೀಗಿದೆ. ‘ಗಿಟ್ ಸ್ಟೇಟಸ್’ ಅನ್ನು ಒಮ್ಮೆ ಹಾಗೆಯೇ, ಇನ್ನೊಮ್ಮೆ ‘-ಯುನೋ’ ಆಯ್ಕೆಯೊಂದಿಗೆ ಓಡಿಸಿ. ಎರಡನೆಯದು ಹೊಸ ಫೈಲುಗಳನ್ನು ಹುಡುಕುವುದಿಲ್ಲವಾದ್ದರಿಂದ, ಎರಡರ ನಡುವಿನ ಅಂತರವೇ ಫೋಲ್ಡರ್ ಸುತ್ತಾಟಕ್ಕೆ ತಗಲುವ ಸಮಯ. ಇನ್ನೂ ವಿವರ ಬೇಕಿದ್ದರೆ ‘ಗಿಟ್_ಟ್ರೇಸ್2_ಪರ್ಫ್’ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್‌ಗೆ 1 ಎಂದು ಕೊಟ್ಟು ಓಡಿಸಿದರೆ ಪ್ರತಿಯೊಂದು ಹಂತದ ಸಮಯ ಸಾಲುಸಾಲಾಗಿ ಬರುತ್ತದೆ.

ನಿಮ್ಮ ಕೆಲಸದ ಬಗೆಯನ್ನು ನೋಡಿದರೆ ಓಸಿಆರ್ ತಂತ್ರಾಂಶ ಬಿಟ್ಟುಹೋಗುವ ತಾತ್ಕಾಲಿಕ ಫೈಲುಗಳ ಮೇಲೆ ನನಗೆ ಸಂಶಯವಿದೆ. ಅವುಗಳನ್ನು ‘ಗಿಟ್‌ಇಗ್ನೋರ್’ನಲ್ಲಿ (ಗಿಟ್ ಲೆಕ್ಕಿಸಬಾರದ ಫೈಲುಗಳ ಪಟ್ಟಿಯಲ್ಲಿ) ವಿಸ್ತರಣೆಯ ಹೆಸರಿನಿಂದ ಹೊರಗಿಟ್ಟಿದ್ದರೆ ಗಿಟ್ ಆ ಫೋಲ್ಡರ್‌ಗಳ ಒಳಹೊಕ್ಕು ಒಂದೊಂದು ಹೆಸರನ್ನೂ ಪರೀಕ್ಷಿಸಲೇಬೇಕಾಗುತ್ತದೆ. ಅವೆಲ್ಲ ಒಂದೇ ಫೋಲ್ಡರ್‌ನಲ್ಲಿ ಬೀಳುವಂತೆ ಮಾಡಿ ಆ ಫೋಲ್ಡರನ್ನೇ ಹೊರಗಿಟ್ಟರೆ ಗಿಟ್ ಅದರೊಳಗೆ ಇಳಿಯುವುದೇ ಇಲ್ಲ.

ಅದರ ಬಳಿಕವೂ ನಿಧಾನವೆನಿಸಿದರೆ ಫೋಲ್ಡರ್ ಸುತ್ತಾಟದ ಫಲಿತಾಂಶವನ್ನು ನೆನಪಿಟ್ಟುಕೊಳ್ಳುವ ‘ಕೋರ್.ಅನ್‌ಟ್ರ್ಯಾಕ್ಡ್‌ಕ್ಯಾಶ್’ ಅನ್ನು ಚಾಲೂ ಮಾಡಿ. ವಿಂಡೋಸ್ ಮತ್ತು ಮ್ಯಾಕ್‌ಗಳಿಗೆ 2022ರಲ್ಲಿ ಬಂದ 2.37ನೇ ಆವೃತ್ತಿಯಿಂದ ‘ಎಫ್‌ಎಸ್‌ಮಾನಿಟರ್’ ಎಂಬ ಹಿನ್ನೆಲೆ ಸೇವೆ ಗಿಟ್‌ನೊಳಗೇ ಸೇರಿದೆ. ಬದಲಾದ ಫೈಲುಗಳ ಹೆಸರನ್ನು ಆಪರೇಟಿಂಗ್ ಸಿಸ್ಟಂ ತಾನಾಗಿಯೇ ತಿಳಿಸುವುದರಿಂದ ಲಕ್ಷ ಫೈಲುಗಳನ್ನು ಕೇಳುತ್ತ ಹೋಗುವ ಪ್ರಮೇಯ ತಪ್ಪುತ್ತದೆ. ರೆಪಾಸಿಟರಿಯನ್ನು ನೆಟ್‌ವರ್ಕ್ ಡ್ರೈವ್‌ನಲ್ಲಿ ಇಟ್ಟಿದ್ದರೆ ಮಾತ್ರ ಇದನ್ನು ಬಳಸಬೇಡಿ. ಅಲ್ಲಿ ಬದಲಾವಣೆಯ ಸೂಚನೆಗಳು ಪೂರ್ತಿಯಾಗಿ ತಲಪುತ್ತವೆ ಎಂಬ ಭರವಸೆಯಿಲ್ಲ. ‘ಫೀಚರ್.ಮೆನಿಫೈಲ್ಸ್’ ಎಂಬ ಸೆಟ್ಟಿಂಗ್ ಇಂಡೆಕ್ಸನ್ನು 4ನೇ ಆವೃತ್ತಿಗೆ ಬದಲಿಸುತ್ತದೆ. ಅದರಲ್ಲಿ ಒಂದರ ಹಿಂದೊಂದು ಬರುವ ಫೈಲುಗಳ ಹೆಸರಿನ ಸಮಾನ ಭಾಗ ಮತ್ತೆ ಮತ್ತೆ ಬರೆಯಲ್ಪಡುವುದಿಲ್ಲ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟ್ ಬೇಕಾಗುವುದರಿಂದ, ಉದ್ದದ ಕನ್ನಡ ಹೆಸರುಗಳಿರುವ ನಿಮ್ಮಂಥವರಿಗೆ ಇದರ ಪ್ರಯೋಜನ ಇತರರಿಗಿಂತ ಹೆಚ್ಚು.

ಉತ್ತರ: ಉಡುಪಿ_ಸರ್ವರ್

ಖಾಲಿ ಆಬ್ಜೆಕ್ಟ್‌ಗಳ ಬಗ್ಗೆ ಹೇಳುತ್ತೇನೆ. ಮಳೆ ಜೋರಾದಾಗ ಕರೆಂಟು ಹೋಗುವ ನಮ್ಮ ಜಿಲ್ಲೆಗಳಲ್ಲಿ ಇದನ್ನು ಅಪರೂಪದ ದೋಷವೆಂದು ಬದಿಗಿಡುವಂತಿಲ್ಲ.

ಗಿಟ್ ಒಂದು ಆಬ್ಜೆಕ್ಟನ್ನು ಬರೆಯುವಾಗ ಮೊದಲು ತಾತ್ಕಾಲಿಕ ಹೆಸರಿನ ಫೈಲಿಗೆ ಬರೆದು, ಬಳಿಕ ಅದರ ಹ್ಯಾಶ್‌ನ (ಒಳಗಿನ ಮಾಹಿತಿಯಿಂದ ಲೆಕ್ಕಹಾಕಿದ ಗುರುತಿನ ಸಂಖ್ಯೆಯ) ಹೆಸರಿಗೆ ಬದಲಿಸುತ್ತದೆ. ಫೈಲ್ ಸಿಸ್ಟಂ ಈ ಹೆಸರು ಬದಲಾವಣೆಯನ್ನು ಡಿಸ್ಕಿನಲ್ಲಿ ದಾಖಲಿಸಿ, ಫೈಲಿನ ಒಳಗಿನ ಮಾಹಿತಿಯನ್ನು ಇನ್ನೂ ಮೆಮೊರಿಯಲ್ಲೇ ಇಟ್ಟುಕೊಂಡಿರುವಾಗ ಕರೆಂಟು ಹೋದರೆ, ಹೆಸರು ಸರಿಯಾಗಿಯೇ ಇದ್ದು ಒಳಗೆ ಏನೂ ಇಲ್ಲದ ಫೈಲು ಉಳಿಯುತ್ತದೆ. ಮಾಹಿತಿ ಡಿಸ್ಕಿಗೆ ಹೋಗಿದೆಯೆಂದು ಖಚಿತಪಡಿಸಿಕೊಳ್ಳಲು ‘ಎಫ್‌ಸಿಂಕ್’ ಎಂಬ ಕರೆ ಇದೆ. ಪ್ರತಿ ಆಬ್ಜೆಕ್ಟಿಗೂ ಅದನ್ನು ಮಾಡಿದರೆ ಸಾವಿರಾರು ಫೈಲುಗಳನ್ನು ಒಟ್ಟಿಗೆ ಸೇರಿಸುವ ಕೆಲಸ ಬಹಳ ನಿಧಾನವಾಗುತ್ತದೆ ಎಂಬ ಕಾರಣಕ್ಕೆ ಗಿಟ್‌ನ ಸಾಮಾನ್ಯ ಸೆಟ್ಟಿಂಗ್‌ನಲ್ಲಿ ಬಿಡಿ (ಒಂದೊಂದೂ ಪ್ರತ್ಯೇಕ ಫೈಲಾಗಿರುವ) ಆಬ್ಜೆಕ್ಟ್‌ಗಳಿಗೆ ಇದನ್ನು ಕೈಬಿಟ್ಟಿದ್ದಾರೆ. ಮಣಿಪಾಲದವರು ಹೇಳಿದ ಊಹೆ ಇಲ್ಲಿಯೂ ಇದೆ: ಸ್ವಲ್ಪ ಹೊತ್ತಿನಲ್ಲಿ ಫೈಲ್ ಸಿಸ್ಟಂ ಬರೆದೇ ಬರೆಯುತ್ತದೆ, ಅಷ್ಟರಲ್ಲಿ ಯಂತ್ರ ನಿಲ್ಲುವುದಿಲ್ಲ ಎಂಬುದು ಆ ಊಹೆ.

ಏಪ್ರಿಲ್ 2022ರ 2.36ನೇ ಆವೃತ್ತಿಯಲ್ಲಿ ‘ಕೋರ್.ಎಫ್‌ಸಿಂಕ್’ ಎಂಬ ಸೆಟ್ಟಿಂಗ್ ಬಂದಿತು. ನಿಮ್ಮ ಲಿನಕ್ಸ್ ಯಂತ್ರದಲ್ಲಿ ಅದಕ್ಕೆ ‘ಆಲ್’ ಎಂದು ಕೊಡಿ. ಕಮಿಟ್ ಸ್ವಲ್ಪ ನಿಧಾನವಾಗುತ್ತದೆ. ತಿದ್ದಿದ ಕರಡು ಕಳೆದುಹೋಗುವುದಕ್ಕಿಂತ ಆ ನಿಧಾನವನ್ನು ಒಪ್ಪಿಕೊಳ್ಳುವುದೇ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ. ಇದರ ಜೊತೆಗೆ ಒಂದು ಯುಪಿಎಸ್ ಇಟ್ಟುಕೊಳ್ಳುವುದೂ ಅಗತ್ಯ.

ಈಗ ಕೆಟ್ಟಿರುವುದನ್ನು ಸರಿಪಡಿಸಲು ಮೊದಲು ‘.ಗಿಟ್’ ಫೋಲ್ಡರನ್ನು ಇಡಿಯಾಗಿ ಬೇರೆ ಡಿಸ್ಕಿಗೆ ನಕಲು ಮಾಡಿಡಿ. ‘ಗಿಟ್ ಎಫ್‌ಎಸ್‌ಸಿಕೆ’ ಕೊಟ್ಟರೆ ಕೆಟ್ಟ ಆಬ್ಜೆಕ್ಟ್‌ಗಳ ಹೆಸರು ಸಿಗುತ್ತದೆ. ಸೊನ್ನೆ ಗಾತ್ರದ ಆಬ್ಜೆಕ್ಟ್ ಫೈಲುಗಳನ್ನು ಅಲ್ಲಿಂದ ಹೊರಗೆ ಸರಿಸಿ. ಅವು ಮುಖ್ಯ ಸರ್ವರ್‌ಗೆ ಆಗಲೇ ಪುಶ್ ಆಗಿದ್ದರೆ (ಕಳುಹಿಸಿದ್ದರೆ), ಸರ್ವರ್‌ನಿಂದ ತರಿಸಿಕೊಳ್ಳುವ ‘ಗಿಟ್ ಫೆಚ್’ಗೆ, ಎಲ್ಲವನ್ನೂ ಮತ್ತೆ ತರುವ ‘--ರೀಫೆಚ್’ ಆಯ್ಕೆ ಸೇರಿಸಿ ಓಡಿಸಿ. ಬರಿಯ ಫೆಚ್ ಸಾಲದು; ಬ್ರಾಂಚ್‌ಗಳ (ಕಮಿಟ್‌ಗಳ ಸರಣಿಗಳ) ತುದಿ ತನ್ನಲ್ಲಿದೆಯಾದ್ದರಿಂದ ಅದರ ಕೆಳಗಿನ ಎಲ್ಲವೂ ಇದೆ ಎಂದೇ ಗಿಟ್ ಸರ್ವರ್‌ಗೆ ಹೇಳಿಬಿಡುತ್ತದೆ.

ಪುಶ್ ಆಗದ ಫೈಲಿನ ಆಬ್ಜೆಕ್ಟ್ ಖಾಲಿಯಾಗಿದ್ದರೂ ಗಾಬರಿಯಾಗಬೇಕಿಲ್ಲ. ಆಬ್ಜೆಕ್ಟಿನ ಹೆಸರು ಅದರ ಒಳಗಿನ ಪಠ್ಯದಿಂದಲೇ ಹುಟ್ಟುವಂಥದ್ದು. ತಿದ್ದಿದ ಫೈಲು ನಿಮ್ಮ ಫೋಲ್ಡರ್‌ನಲ್ಲಿ ಹಾಗೆಯೇ ಇದ್ದರೆ ‘ಗಿಟ್ ಹ್ಯಾಶ್-ಆಬ್ಜೆಕ್ಟ್ -ಡಬ್ಲ್ಯೂ’ ಎಂದು ಅದನ್ನು ಕೊಟ್ಟಾಗ ಅದೇ ಹೆಸರಿನ ಆಬ್ಜೆಕ್ಟ್ ಮತ್ತೆ ತಯಾರಾಗುತ್ತದೆ. ಕಮಿಟ್ ಆಬ್ಜೆಕ್ಟೇ ಖಾಲಿಯಾಗಿದ್ದರೆ ‘.ಗಿಟ್/ಲಾಗ್ಸ್/ಹೆಡ್’ ಫೈಲಿನ ಕೊನೆಯ ಸಾಲನ್ನು ಓದಿ. ಪ್ರತಿ ಸಾಲಿನಲ್ಲೂ ಹಳೆಯ ಕಮಿಟ್, ಹೊಸ ಕಮಿಟ್ ಎರಡರ ಹ್ಯಾಶ್ ಇರುತ್ತದೆ. ಬ್ರಾಂಚನ್ನು ಹಳೆಯದಕ್ಕೆ ತಿರುಗಿಸಿ ಮತ್ತೊಮ್ಮೆ ಕಮಿಟ್ ಮಾಡಬಹುದು.

ಉತ್ತರ: ಲಿಪಿ_ಸುರತ್ಕಲ್

ಕೋಟ ಮತ್ತು ಬೈಂದೂರಿನ ರಹಸ್ಯ ಯೂನಿಕೋಡ್‌ನಲ್ಲಿ, ಅಂದರೆ ಪ್ರತಿ ಲಿಪಿಚಿಹ್ನೆಗೂ ಒಂದು ಸಂಕೇತ ಕೊಡುವ ಪದ್ಧತಿಯಲ್ಲಿ ಇದೆ. ‘ಕೋ’ ಎಂಬುದರಲ್ಲಿರುವ ಓತ್ವವನ್ನು ಒಂದೇ ಸಂಕೇತವಾಗಿ ಬರೆಯಬಹುದು. ಎತ್ವ, ಊತ್ವ ಮತ್ತು ದೀರ್ಘದ ಚಿಹ್ನೆ ಎಂಬ ಮೂರು ಸಂಕೇತಗಳಾಗಿ ಬಿಡಿಸಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ, ಬೈಟ್‌ಗಳಲ್ಲಿ ಬೇರೆ. ಕನ್ನಡದಲ್ಲಿ ಹೀಗೆ ಬಿಡಿಸಲು ಬರುವುದು ೀ, ೇ, ೈ, ೊ, ೋ ಎಂಬ ಐದು ಚಿಹ್ನೆಗಳು ಮಾತ್ರ. ಕಾಪು, ಮಲ್ಪೆ ಎಂಬ ಹೆಸರುಗಳಲ್ಲಿ ಈ ಐದರಲ್ಲಿ ಒಂದೂ ಇಲ್ಲ. ಕೋಟದಲ್ಲಿ ಓತ್ವವಿದೆ, ಬೈಂದೂರಿನಲ್ಲಿ ಐತ್ವವಿದೆ.

ಮ್ಯಾಕ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಫೈಲ್ ಸಿಸ್ಟಂ ಹೆಸರುಗಳನ್ನು ಬಿಡಿಸಿದ ರೂಪದಲ್ಲೇ ಇಡುತ್ತದೆ, ಲಿನಕ್ಸ್ ಕೊಟ್ಟ ಬೈಟ್‌ಗಳನ್ನು ಹಾಗೆಯೇ ಇಡುತ್ತದೆ. ಬೈಟ್‌ಗಳು ಬೇರೆಯಾದರೆ ಹೆಸರು ಬೇರೆ ಎಂಬುದು ಗಿಟ್‌ನ ಮೂಲ ನಡವಳಿಕೆ. ಇದಕ್ಕಾಗಿ, ಬಿಡಿಸಿದ ಹೆಸರನ್ನು ಕೂಡಿಸಿದ ರೂಪಕ್ಕೆ ತರುವ ‘ಕೋರ್.ಪ್ರೀಕಂಪೋಸ್‌ಯೂನಿಕೋಡ್’ ಎಂಬ ಸೆಟ್ಟಿಂಗ್ 2012ರಲ್ಲಿ ಬಂದಿದೆ. ಮ್ಯಾಕ್‌ನಲ್ಲಿ ಹೊಸದಾಗಿ ಕ್ಲೋನ್ ಮಾಡಿದಾಗ (ಗಿಟ್ ಮೂಲಕವೇ ಪೂರ್ತಿ ಪ್ರತಿ ಪಡೆದಾಗ) ಗಿಟ್ ಫೈಲ್ ಸಿಸ್ಟಂ ಅನ್ನು ಪರೀಕ್ಷಿಸಿ ಇದನ್ನು ತಾನೇ ಹಾಕಿಕೊಳ್ಳುತ್ತದೆ. ನಿಮ್ಮ ಸಹೋದ್ಯೋಗಿಗೆ ರೆಪಾಸಿಟರಿಯನ್ನು ಪೆನ್‌ಡ್ರೈವ್‌ನಲ್ಲಿ ನಕಲು ಮಾಡಿ ಕೊಟ್ಟಿದ್ದರೆ ಆ ಪರೀಕ್ಷೆ ನಡೆದೇ ಇರುವುದಿಲ್ಲ, ಕೈಯಿಂದಲೇ ಹಾಕಬೇಕು.

ಎರಡಾಗಿರುವ ಫೋಲ್ಡರ್‌ಗಳನ್ನು ಲಿನಕ್ಸ್‌ನಲ್ಲೇ ಒಂದು ಮಾಡಿ, ಯಾಕೆಂದರೆ ಮ್ಯಾಕ್‌ನಲ್ಲಿ ಎರಡೂ ಬೇರೆಬೇರೆಯಾಗಿ ಕಾಣುವುದಿಲ್ಲ. ಅಳಿಸುವ ಮೊದಲು ಎರಡರೊಳಗಿನ ಪಠ್ಯವನ್ನೂ ಹೋಲಿಸಿ. ಉಡುಪಿಯಲ್ಲಿ ತಿದ್ದಿದ ಪುಟಗಳು ಬಿಡಿಸಿದ ಹೆಸರಿನ ಫೋಲ್ಡರ್‌ನಲ್ಲೇ ಇರಬಹುದು. ಗಿಟ್ ಕನ್ನಡ ಹೆಸರುಗಳನ್ನು \340\262\225 ಎಂಬಂತೆ ಅಂಕಿಗಳಲ್ಲಿ ತೋರಿಸುತ್ತಿದ್ದರೆ (ಇದು ‘ಕ’ ಅಕ್ಷರದ ಮೂರು ಬೈಟ್‌ಗಳು) ‘ಕೋರ್.ಕೋಟ್‌ಪಾತ್’ ಅನ್ನು ‘ಫಾಲ್ಸ್’ ಮಾಡಿ. ಹೆಸರುಗಳು ಓದುವಂತಾಗುತ್ತವೆ.

ಉತ್ತರ: ಮಣಿಪಾಲ_ಡೆವ್

ಕಿರಿಯರ ಪ್ರಶ್ನೆ ಬಾಕಿ ಉಳಿದಿದೆ. ಅವರು ಹಳೆಯ ಆವೃತ್ತಿಯಲ್ಲಿ ಚುರುಕಾಗಿದ್ದು ಹೊಸದರಲ್ಲಿ ನಿಧಾನವಾದ ಒಂದು ಆಜ್ಞೆಯನ್ನು ಹಿಡಿದು ಆರಂಭಿಸಲಿ. ಗಿಟ್‌ನ ಮೂಲ ಸಂಕೇತವೂ ಗಿಟ್‌ನಲ್ಲೇ ಇದೆ. ‘ಗಿಟ್ ಬೈಸೆಕ್ಟ್ ರನ್’ ಎಂಬುದಕ್ಕೆ ಸಣ್ಣ ಸ್ಕ್ರಿಪ್ಟ್ ಕೊಟ್ಟರೆ ಪ್ರತಿ ಹಂತದಲ್ಲೂ ಉಳಿದ ಕಮಿಟ್‌ಗಳನ್ನು ಅರ್ಧಕ್ಕಿಳಿಸುತ್ತ, ಸಾವಿರ ಕಮಿಟ್‌ಗಳ ನಡುವೆಯೂ ಸುಮಾರು ಹತ್ತು ಪರೀಕ್ಷೆಗಳಲ್ಲಿ ನಿಧಾನಕ್ಕೆ ಕಾರಣವಾದುದನ್ನು ಹಿಡಿದು ಕೊಡುತ್ತದೆ. ಸ್ಕ್ರಿಪ್ಟ್ ಗಿಟ್ ಅನ್ನು ಕಂಪೈಲ್ ಮಾಡಿ, ಸಮಯ ಅಳೆದು, ಮಿತಿಯೊಳಗಿದ್ದರೆ 0, ಮೀರಿದರೆ 1, ಕಂಪೈಲ್ ಆಗದಿದ್ದರೆ 125 ಎಂದು ಹಿಂತಿರುಗಿಸಬೇಕು. 125 ಎಂದರೆ ಈ ಕಮಿಟನ್ನು ದಾಟಿಹೋಗು ಎಂದರ್ಥ. ಒಂದೇ ಓಟದ ಸಮಯವನ್ನು ನಂಬಬಾರದು. ಮೊದಲ ಓಟದಲ್ಲಿ ಡಿಸ್ಕಿನಿಂದ ಓದುವ ಸಮಯವೂ ಸೇರಿಕೊಳ್ಳುವುದರಿಂದ, ಕೆಲವು ಸಲ ಓಡಿಸಿ ಕನಿಷ್ಠವನ್ನು ತೆಗೆದುಕೊಳ್ಳಲಿ.

ಮೂಲ ಸಂಕೇತದ ‘ಟಿ/ಪರ್ಫ್’ ಫೋಲ್ಡರ್‌ನಲ್ಲಿ ಎರಡು ಆವೃತ್ತಿಗಳ ವೇಗವನ್ನು ಹೋಲಿಸುವ ಪರೀಕ್ಷೆಗಳು ಸಿದ್ಧವಾಗಿವೆ. ಪ್ಯಾಚ್ (ಮೂಲ ಸಂಕೇತದ ತಿದ್ದುಪಡಿ) ಕಳುಹಿಸುವವರು ಅದರ ಅಂಕಿಗಳನ್ನು ಕಮಿಟ್ ಸಂದೇಶದಲ್ಲೇ ಬರೆಯುವುದು ಅಲ್ಲಿನ ಒಳ್ಳೆಯ ರೂಢಿ. ವೇಗವೇ ಯಾವಾಗಲೂ ಗೆಲ್ಲುವುದಿಲ್ಲ ಎಂಬುದನ್ನೂ ಅವರು ತಿಳಿದಿರಲಿ. 2017ರಲ್ಲಿ ಗಿಟ್ ಬಳಸುವ ಎಸ್‌ಎಚ್‌ಎ-1 ಹ್ಯಾಶ್‌ಗೆ ಘರ್ಷಣೆಯನ್ನು (ಬೇರೆಬೇರೆ ಎರಡು ಫೈಲುಗಳಿಗೆ ಒಂದೇ ಹ್ಯಾಶ್ ಬರುವುದನ್ನು) ಸೃಷ್ಟಿಸಿ ತೋರಿಸಿದ ಬಳಿಕ, ಅದೇ ವರ್ಷದ 2.13ನೇ ಆವೃತ್ತಿಯಲ್ಲಿ ಗಿಟ್ ಅಂತಹ ದಾಳಿಯನ್ನು ಗುರುತಿಸುವ ಹ್ಯಾಶ್ ಸಂಕೇತವನ್ನು ಅಳವಡಿಸಿಕೊಂಡಿತು. ಅದು ಹಿಂದಿನದಕ್ಕಿಂತ ನಿಧಾನವೆಂದು ಗೊತ್ತಿದ್ದೇ ಒಪ್ಪಿಕೊಂಡರು. ವೇಗವೂ ಸರಿತನವೂ ಸೇರಿಬಂದ ಉದಾಹರಣೆಯೂ ಇದೆ: 2021ರ 2.34ನೇ ಆವೃತ್ತಿಯಿಂದ ಮರ್ಜ್ ಮಾಡಲು (ಎರಡು ಬ್ರಾಂಚ್‌ಗಳನ್ನು ಒಂದುಗೂಡಿಸಲು) ‘ಆರ್ಟ್’ ಎಂಬ ಹೊಸ ವಿಧಾನ ಸಹಜ ಆಯ್ಕೆಯಾಯಿತು. ಹಳೆಯ ವಿಧಾನದ ದೋಷಗಳನ್ನು ಒಂದೊಂದಾಗಿ ತೇಪೆ ಹಾಕುವ ಬದಲು ಪೂರ್ತಿ ಹೊಸದಾಗಿ ಬರೆದದ್ದರಿಂದ ಫೈಲುಗಳ ಹೆಸರು ಬದಲಾದಾಗಿನ ಮರ್ಜ್‌ಗಳು ಹೆಚ್ಚು ಸರಿಯಾಗಿಯೂ ಬಹಳ ವೇಗವಾಗಿಯೂ ನಡೆಯುವಂತಾದವು.

ಪ್ರತಿಕ್ರಿಯೆ: ಕರಡು_ಮಂಗಳೂರು

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ‘-ಯುನೋ’ ಹಾಕಿ ನೋಡಿದಾಗ ಸಮಯದ ಬಹುಪಾಲು ಉಳಿಯಿತು. ಓಸಿಆರ್‌ನ ತಾತ್ಕಾಲಿಕ ಫೈಲುಗಳು ಪ್ರತಿ ಊರಿನ ಫೋಲ್ಡರ್‌ನೊಳಗೂ ಹರಡಿಕೊಂಡಿದ್ದವು. ಈಗ ಅವೆಲ್ಲ ಒಂದೇ ಕಡೆ ಬೀಳುವಂತೆ ಬದಲಿಸಿದ್ದೇವೆ. ಲಿನಕ್ಸ್‌ನಲ್ಲಿ ಇಷ್ಟರಿಂದಲೇ ಸಾಕಾಯಿತು, ವಿಂಡೋಸ್‌ನಲ್ಲಿ ಎಫ್‌ಎಸ್‌ಮಾನಿಟರ್ ಅನ್ನೂ ಹಾಕುತ್ತೇವೆ. ಸುರತ್ಕಲ್‌ನವರ ಊಹೆಯೂ ನಿಜ: ಉಡುಪಿಗೆ ರೆಪಾಸಿಟರಿ ಹೋದದ್ದು ಪೆನ್‌ಡ್ರೈವ್‌ನಲ್ಲಿಯೇ. ಖಾಲಿ ಆಬ್ಜೆಕ್ಟ್‌ಗಳನ್ನು ಹೊರಗೆ ಸರಿಸಿದ ಮೇಲೆ ‘ಗಿಟ್ ಜಿಸಿ’ ಓಡಿಸಿ ರೆಪಾಸಿಟರಿಯನ್ನು ಅಡಕಗೊಳಿಸಬಹುದೇ?

ಉತ್ತರ: ಉಡುಪಿ_ಸರ್ವರ್

ಈಗಲೇ ಬೇಡ. ‘ಎಫ್‌ಎಸ್‌ಸಿಕೆ’ ಒಂದೂ ದೋಷವಿಲ್ಲದೆ ಮುಗಿಯುವವರೆಗೆ, ಎಲ್ಲ ಬ್ರಾಂಚ್‌ಗಳೂ ಸರ್ವರ್‌ಗೆ ಪುಶ್ ಆಗುವವರೆಗೆ ‘ಜಿಸಿ’ ಓಡಿಸಬೇಡಿ. ಯಾವ ಬ್ರಾಂಚಿನಿಂದಲೂ ತಲಪಲಾಗದ, ಎರಡು ವಾರಕ್ಕಿಂತ ಹಳೆಯ ಬಿಡಿ ಆಬ್ಜೆಕ್ಟ್‌ಗಳನ್ನು ಅದು ಅಳಿಸುತ್ತದೆ. ನೀವು ಹುಡುಕುತ್ತಿರುವ ಕರಡು ಅವುಗಳಲ್ಲೇ ಇರಬಹುದು. ಗಿಟ್ ತಾನಾಗಿಯೇ ಅದನ್ನು ಆರಂಭಿಸದಂತೆ ಅಲ್ಲಿಯವರೆಗೆ ‘ಜಿಸಿ.ಆಟೋ’ ಅನ್ನು 0 ಮಾಡಿಡಿ, ರಿಪೇರಿ ಮುಗಿದ ದಿನವೇ ಆ ಸಾಲನ್ನು ತೆಗೆದುಹಾಕಿ.