ಸಹಾಯ ಬೇಕು: ನೆನಪೇ ಸುಳ್ಳು ಹೇಳುವುದನ್ನು ತೋರಿಸೋದು ಹೇಗೆ?

ಹಾರರ್ ಸರಣಿಗೆ ಸ್ಕ್ರಿಪ್ಟ್ ಬರೆಯುತ್ತಿದ್ದೇನೆ, ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ. 2018ರ ಹಾರರ್ ಸರಣಿ ‘ದಿ ಹಾಂಟಿಂಗ್ ಆಫ್ ಹಿಲ್ ಹೌಸ್’ ನೋಡಿದ್ದೀರಲ್ವಾ? (ನೋಡದವರು ಮುಂದಿನ ಪ್ಯಾರಾಕ್ಕೆ ಹೋಗಿಬಿಡಿ.) ದೊಡ್ಡ ಮಗ ಸ್ಟೀವನ್‌ಗೆ ಚಿಕ್ಕಂದಿನಲ್ಲಿ ತಮ್ಮ ಲ್ಯೂಕ್ ಆಡುತ್ತಿದ್ದ ಮರದ ಮೇಲಿನ ಗುಡಿಸಲು ಚೆನ್ನಾಗಿ ನೆನಪಿದೆ. ಅಂಥದ್ದೇನೂ ಇರಲೇ ಇಲ್ಲ ಅಂತಾನೆ ಅಪ್ಪ. ನಾವೂ ಅದನ್ನು ಕಣ್ಣಾರೆ ನೋಡಿರುತ್ತೇವೆ, ಅದಕ್ಕೇ ಮೈ ಜುಮ್ಮೆನ್ನುತ್ತದೆ.

ನನ್ನ ಕಥೆಯ ನಾಯಕಿಯ ನೆನಪಿನಲ್ಲಿ ತುಳಸಿಕಟ್ಟೆ ಒಮ್ಮೆ ಬಾಗಿಲ ಎಡಕ್ಕಿದೆ, ಇನ್ನೊಮ್ಮೆ ಬಲಕ್ಕೆ. ಓದಿದ ಗೆಳೆಯ ‘ಕಂಟಿನ್ಯುಟಿ (ದೃಶ್ಯದಿಂದ ದೃಶ್ಯಕ್ಕೆ ಇರಬೇಕಾದ ಹೊಂದಾಣಿಕೆ) ತಪ್ಪಿದೆ ನೋಡು’ ಅಂದ! ಮಬ್ಬು ಚಿತ್ರ, ಅಲುಗಾಡುವ ಕ್ಯಾಮೆರಾ ಬೇಡ, ಅವು ಸವೆದುಹೋಗಿವೆ. ಬೇಕಂತಲೇ ಮಾಡಿದ್ದು ಅಂತ ನೋಡುವವರಿಗೆ ಗೊತ್ತಾಗಬೇಕು, ಆದರೆ ತಕ್ಷಣ ಅಲ್ಲ. ಶಬ್ದದಲ್ಲಿ ಸುಳಿವು ಕೊಡಬಹುದಾ? ಅಥವಾ ಮೂರನೇ ಸಲ ಕಟ್ಟೆಯನ್ನೇ ಮಾಯ ಮಾಡಿಬಿಡಲಾ? ಎಡಿಟಿಂಗ್ ಮಾಡಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.