ಸ್ಪೇಸ್ ಸ್ಟೇಷನ್ ಒಳಗಿನ ಬಡಿದಾಟದ ಕಾಮಿಡಿ ನೀರೊಳಗೆ ಈಜಿದ ಹಾಗೆ ಕಾಣ್ತಿದೆ (ಬ್ಲೆಂಡರ್ 3D ಆನಿಮೇಷನ್ ಸಾಫ್ಟ್‌ವೇರ್)

ಕೀಫ್ರೇಮ್24:
ಮಕ್ಕಳು ದೊಡ್ಡೋರು ಒಟ್ಟಿಗೆ ಕೂತು ನೋಡೋ 4 ನಿಮಿಷದ ಆನಿಮೇಷನ್ ಶಾರ್ಟ್, 24 ಎಫ್‌ಪಿಎಸ್ (ಸೆಕೆಂಡಿಗೆ 24 ಫ್ರೇಮ್). ಸ್ಪೇಸ್ ಸ್ಟೇಷನ್‌ನಲ್ಲಿ ಅಜ್ಜಿ, ಮೊಮ್ಮಗ, ಒಂದು ರೋಬೋಟ್. ಅಜ್ಜಿ ಎಸೆದ ಬಾಣಲೆ ರೋಬೋಟ್‌ಗೆ ತಗುಲಿ, ಅದು ಗಿರಗಿರ ತಿರುಗ್ತಾ ಹೋಗಿ ಗೋಡೆಗೆ ಬಡೀಬೇಕು. ಭೂಮಿ ಮೇಲಿನ ಟೈಮಿಂಗನ್ನೇ ಎಳೆದು ನಿಧಾನ ಮಾಡಿದೆ. ಈಗ ಎಲ್ಲರೂ ಈಜುಕೊಳದಲ್ಲಿ ಇದ್ದ ಹಾಗಿದೆ. ಬಾಣಲೆ ಅಂತೂ ಗೋಡೆ ಹತ್ರ ಬಂದಾಗ ಬ್ರೇಕ್ ಒತ್ತಿದ ಹಾಗೆ ಮೆತ್ತಗಾಗುತ್ತೆ. ಎಲ್ಲಿ ತಪ್ತಿದೆ?

ಗ್ರಾಫ್_ಎಡಿಟರ್:
ನಿಧಾನ ಮಾಡಿದ್ದೇ ತಪ್ಪು. ಅಲ್ಲಿ ತೂಕ ಗೊತ್ತಾಗಲ್ಲ, ಆದ್ರೆ ಮಾಸ್ (ದ್ರವ್ಯರಾಶಿ) ಎಲ್ಲೂ ಹೋಗಿರಲ್ಲ. ತಳ್ಳಿದ ವೇಗದಲ್ಲೇ, ನೇರ ಗೆರೇಲಿ, ಏನಾದ್ರೂ ಅಡ್ಡ ಸಿಗೋವರೆಗೆ ಹೋಗ್ತಾನೇ ಇರುತ್ತೆ. ಭೂಮಿ ಮೇಲೆ ಬಿದ್ದೋನು ನಗಿಸ್ತಾನೆ, ಅಲ್ಲಿ ನಿಲ್ಲೋಕಾಗದೋನು ನಗಿಸ್ತಾನೆ.

ಬ್ರೇಕ್ ಒತ್ತಿದ ಹಾಗೆ ಕಾಣೋದು ಬೆಝಿಯರ್‌ನಿಂದ, ಅಂದ್ರೆ ಶುರುವಲ್ಲೂ ಕೊನೆಯಲ್ಲೂ ವೇಗ ಮೆತ್ತಗಾಗಿಸೋ ವಕ್ರರೇಖೆಯಿಂದ. ಬ್ಲೆಂಡರ್ ಪ್ರತಿ ಕೀಗೂ (ವಸ್ತು ಎಲ್ಲಿರಬೇಕು ಅಂತ ನಾವು ಗುರುತು ಹಾಕಿದ ಫ್ರೇಮ್) ತಾನಾಗೇ ಅದನ್ನೇ ಹಾಕುತ್ತೆ. ಕೈಬಿಟ್ಟ ಕ್ಷಣದಿಂದ ಬಡಿಯೋ ಕ್ಷಣದವರೆಗಿನ ಕೀಗಳನ್ನು ಆರಿಸಿ, ಗ್ರಾಫ್ ಎಡಿಟರ್‌ನಲ್ಲಿ T ಒತ್ತಿ ಲೀನಿಯರ್ (ಉದ್ದಕ್ಕೂ ಒಂದೇ ವೇಗ) ಮಾಡಿ. ಲೊಕೇಶನ್, ರೊಟೇಶನ್ ಎರಡಕ್ಕೂ. ಎಸೆಯೋಕೆ ಮುಂಚಿನ ತಯಾರಿ 8–10 ಫ್ರೇಮ್, ತಗುಲೋದು 1, ಚಪ್ಪಟೆಯಾಗಿ ಹಿಡಿಯೋದು 2. ಮುಂದಿನ ಫ್ರೇಮಿಂದಲೇ ಪೂರ್ತಿ ವೇಗ. ಈಸ್ (ವೇಗ ಮೆಲ್ಲಗೆ ಏರಿಳಿಸೋದು) ಬೇಕಾಗಿರೋದು ಕೈಕಾಲಿಗೆ ಮಾತ್ರ, ಇಡೀ ದೇಹಕ್ಕಲ್ಲ.

ರಿಜಿಡ್ ಬಾಡಿ (ಗಟ್ಟಿ ವಸ್ತುಗಳ ಚಲನೆಯನ್ನ ಬ್ಲೆಂಡರೇ ಲೆಕ್ಕ ಹಾಕೋ ಸಿಮ್ಯುಲೇಶನ್) ಬಳಸಿದ್ರೆ, ಗ್ರಾವಿಟಿ ತೆಗೆದ್ರಷ್ಟೇ ಸಾಲದು. ಡ್ಯಾಂಪಿಂಗ್ (ವೇಗ ಕುಗ್ಗಿಸೋ ಸೆಟ್ಟಿಂಗ್) ಡೀಫಾಲ್ಟ್ ಆಗಿ ಟ್ರಾನ್ಸ್‌ಲೇಷನ್‌ಗೆ (ಜಾಗ ಬದಲಿಸೋ ಚಲನೆ) 0.04, ರೊಟೇಶನ್‌ಗೆ 0.1 ಇರುತ್ತೆ, ಅಂದ್ರೆ ಸೆಕೆಂಡಿಗೆ 4% ಮತ್ತು 10% ವೇಗ ಸೋರಿಹೋಗುತ್ತೆ. ಚಿಕ್ಕ ಶಾಟ್‌ನಲ್ಲಿ ಕಾಣಲ್ಲ, 10 ಸೆಕೆಂಡಿನ ಶಾಟ್‌ನಲ್ಲಿ ತಿರುಗಾಟದ ಮೂರರಲ್ಲಿ ಎರಡು ಪಾಲು ಮಾಯ. ಎರಡನ್ನೂ 0 ಮಾಡಿ. ಬೌನ್ಸಿನೆಸ್ ಬಾಣಲೆಗೆ ಮಾತ್ರ ಕೊಟ್ರೆ ಪುಟಿಯಲ್ಲ, ಗೋಡೆಗೂ ಕೊಡಬೇಕು: ಎರಡರ ಗುಣಲಬ್ಧ ತಗೊಳ್ಳುತ್ತೆ, ಹಾಗಾಗಿ 0.8, 0.8 ಕೊಟ್ರೆ ಸಿಗೋದು 0.64.

ಇನ್ನೊಂದು, ಹೆಚ್ಚಿನವರು ಎಡವೋ ಜಾಗ: ರಿಗ್‌ನ (ಪಾತ್ರವನ್ನು ಅಲ್ಲಾಡಿಸೋ ಒಳಗಿನ ಅಸ್ಥಿಪಂಜರ) ರೂಟ್ ಬೋನ್, ಅಂದ್ರೆ ಇಡೀ ಪಾತ್ರವನ್ನ ಸರಿಸೋ ಮೂಲ ಮೂಳೆ, ಪಾದದ ಹತ್ರ ಇರುತ್ತೆ. ಅದನ್ನೇ ತಿರುಗಿಸಿದ್ರೆ ಪಾತ್ರ ಮೊಳೆಗೆ ನೇತುಹಾಕಿದ ಕ್ಯಾಲೆಂಡರ್ ಥರ ತಿರುಗುತ್ತೆ. ಹೊಕ್ಕುಳ ಎತ್ತರದಲ್ಲಿ ಹೊಸ ಬೋನ್ ಹಾಕಿ, ತಿರುಗಾಟ ಎಲ್ಲ ಅದಕ್ಕೇ ಕೊಡಿ. ಸುಮ್ಮನೆ ತೇಲೋವಾಗಲೂ ನೆಟ್ಟಗೆ ನಿಲ್ಲಿಸಬೇಡಿ. ಮಂಡಿ, ಸೊಂಟ ಸ್ವಲ್ಪ ಮಡಿಸಿ, ಕೈ ಎದೆಯ ಮುಂದೆ ತಾವಾಗೇ ಎದ್ದ ಹಾಗಿರಲಿ. ಗಗನಯಾತ್ರಿಗಳ ದೇಹ ಸಡಿಲ ಬಿಟ್ಟಾಗ ಹಾಗೇ ನಿಲ್ಲುತ್ತೆ.

ಮೂರನೇ_ನಿಯಮ:
ಮೇಲಿನದೆಲ್ಲ ಸರಿ, ಆದ್ರೆ ಲೆಕ್ಕಾನ ಪೂರ್ತಿ ನಂಬಿದ್ರೆ ಜೋಕ್ ಸಾಯುತ್ತೆ. 60 ಕೆಜಿ ಅಜ್ಜಿ 2 ಕೆಜಿ ಬಾಣಲೇನ ಸೆಕೆಂಡಿಗೆ 6 ಮೀಟರ್ ವೇಗದಲ್ಲಿ ಎಸೆದ್ರೆ, ಅಜ್ಜಿ ಹಿಂದಕ್ಕೆ ಹೋಗೋದು ಸೆಕೆಂಡಿಗೆ 0.2 ಮೀಟರ್. 3 ಮೀಟರ್ ಆಚೆಯ ಗೋಡೆ ಮುಟ್ಟೋಕೆ 15 ಸೆಕೆಂಡ್, 360 ಫ್ರೇಮ್. ಅಷ್ಟು ಹೊತ್ತು ಯಾವ ಮಗು ಕಾಯುತ್ತೆ? ಐದು ಪಟ್ಟು ಮಾಡಿ, 72 ಫ್ರೇಮ್‌ಗೆ ಇಳಿಯುತ್ತೆ. ವೇಗದ ವಿಷಯದಲ್ಲಿ ಸುಳ್ಳು ಹೇಳಿ, ದಿಕ್ಕಿನ ವಿಷಯದಲ್ಲಿ ಬೇಡ. ಬಾಣಲೆ ಎಡಕ್ಕೆ ಹೋದ್ರೆ ಅಜ್ಜಿ ಬಲಕ್ಕೇ ಹೋಗಬೇಕು. ಭುಜದ ಮೇಲಿಂದ ಎಸೆದ್ರೆ ಹಿಂದಕ್ಕೆ ಪಲ್ಟಿ ಕೂಡ ಹೊಡೀಬೇಕು. ಎಸೆದೋಳು ನಿಂತಲ್ಲೇ ಇದ್ರೆ ಚಿಕ್ಕ ಮಕ್ಕಳಿಗೂ ಎಲ್ಲೋ ಮೋಸ ಅನ್ಸುತ್ತೆ.

ಕೈಗೆ ಹಿಡಿಕೆ ಸಿಗದೆ ನಟ್ಟನಡುವೆ ಸಿಕ್ಕಿಹಾಕಿಕೊಳ್ಳೋದು ಇಲ್ಲಿನ ಬಾಳೆಹಣ್ಣಿನ ಸಿಪ್ಪೆ. ಚಪ್ಪಲಿ, ಕನ್ನಡಕ, ಕೊನೆಗೆ ಹಲ್ಲುಸೆಟ್ಟು ಒಂದೊಂದಾಗಿ ಎಸೆದು ಗೋಡೆ ಕಡೆ ಸರಿಯೋದು ಭೌತಶಾಸ್ತ್ರಕ್ಕೂ ಒಪ್ಪುತ್ತೆ.

T ಆಕಾರದ ಸ್ಪ್ಯಾನರ್ ಇದ್ರೆ ಅದನ್ನೂ ತಿರುಗಿಸಿಬಿಡಿ. ಸ್ವಲ್ಪ ಹೊತ್ತಿಗೊಮ್ಮೆ ತಾನಾಗೇ ಉಲ್ಟಾ ಆಗಿ ಮತ್ತೆ ಸರಿಯಾಗುತ್ತೆ. 1985ರಲ್ಲಿ ಸೋವಿಯತ್ ಬಾಹ್ಯಾಕಾಶ ನಿಲ್ದಾಣ ಸಲ್ಯೂತ್ 7ರಲ್ಲಿ ಗಗನಯಾತ್ರಿ ವ್ಲಾದಿಮಿರ್ ಜಾನಿಬೆಕೋವ್ ಒಂದು ರೆಕ್ಕೆ ನಟ್ಟಿನಲ್ಲಿ ಗಮನಿಸಿದ್ದು ಇದೇ. ಮೊಮ್ಮಗ ಹಿಡಿಯೋಕೆ ಹೋದಾಗಲೆಲ್ಲ ಹಿಡಿ ಆಚೆ ಕಡೆ ಇರಲಿ. ರೋಬೋಟ್‌ಗೆ ಕಾಲು ಬೇಕಾ ಅನ್ನೋದನ್ನೂ ಯೋಚಿಸಿ. ಇಸ್ರೋ 2020ರಲ್ಲಿ ಬೆಂಗಳೂರಿನಲ್ಲಿ ತೋರಿಸಿದ ವ್ಯೋಮಮಿತ್ರ ರೋಬೋಟ್‌ಗೆ ಕಾಲೇ ಇಲ್ಲ. ರಿಗ್ಗಿಂಗ್ ಕೆಲಸಾನೂ ಅರ್ಧ ಕಮ್ಮಿ.

ಕೀಫ್ರೇಮ್24:
ಲೀನಿಯರ್ ಮಾಡಿದ ಕೂಡಲೇ ಬಾಣಲೆ ಸರಿಹೋಯ್ತು, ಥ್ಯಾಂಕ್ಸ್. ಕೊನೇ ದೃಶ್ಯ ಚಂದ್ರನ ಮೇಲೆ: ಏಣಿಯಿಂದ ಬಿದ್ದು ಧೂಳೆಬ್ಬಿಸೋದು. ಅದಕ್ಕೂ ಮುಂಚೆ ಒಳಗೆ ಸಾರು ಚೆಲ್ಲೋ ಶಾಟ್ ಇದೆ. ಮ್ಯಾಂಟಾಫ್ಲೋ (ಬ್ಲೆಂಡರ್‌ನ ದ್ರವ, ಹೊಗೆ ಸಿಮ್ಯುಲೇಶನ್) ಬೇಕ್ ಮಾಡಿ, ಅಂದ್ರೆ ಮೊದಲೇ ಲೆಕ್ಕ ಹಾಕಿಸಿ, ಮುಗೀತಾನೇ ಇಲ್ಲ.

ಕಸದಪುಡಿ_ಸಿಮ್:
ಚಂದ್ರನಲ್ಲಿ ಬೀಳೋದು ಇದೆ, ಆದ್ರೆ ತಡವಾಗಿ. ಸೀನ್ ಗ್ರಾವಿಟಿಯ Z ಅನ್ನು −1.62 ಮಾಡಿ. ಒಂದೂವರೆ ಮೀಟರ್ ಎತ್ತರದಿಂದ ಬೀಳೋಕೆ ಭೂಮಿ ಮೇಲೆ 13 ಫ್ರೇಮ್, ಅಲ್ಲಿ 33. ಆ 20 ಹೆಚ್ಚುವರಿ ಫ್ರೇಮ್ ಮುಖಕ್ಕೆ ಮೀಸಲು: ಬೀಳ್ತಿದ್ದೀನಿ ಅಂತ ಗೊತ್ತಾಗಿ, ಕೆಳಗೆ ನೋಡಿ, ಕ್ಯಾಮರಾ ನೋಡಿ, ಆಮೇಲೆ ಬೀಳೋಷ್ಟು ಪುರುಸೊತ್ತು.

ಧೂಳಿಗೆ ಹೊಗೆ ಸಿಮ್ ಹಾಕಬೇಡಿ. ಗಾಳಿ ಇಲ್ಲದ ಕಡೆ ಧೂಳು ಮೋಡ ಕಟ್ಟಲ್ಲ, ಪ್ರತಿ ಕಣವೂ ಎಸೆದ ಕಲ್ಲಿನ ಹಾಗೆ ಕಮಾನಿನಲ್ಲಿ ಹೋಗಿ ಬೀಳುತ್ತೆ. ಮಾಮೂಲಿ ಪಾರ್ಟಿಕಲ್ ಸಿಸ್ಟಮ್ ಸಾಕು, ಡ್ರ್ಯಾಗ್ (ಗಾಳಿಯ ತಡೆ) 0, ಬ್ರೌನಿಯನ್ (ಅಡ್ಡಾದಿಡ್ಡಿ ಅಲುಗಾಟ) 0.

ಸಾರಿಗೆ ಮ್ಯಾಂಟಾಫ್ಲೋ ದಂಡ. ತೂಕವಿಲ್ಲದ ಕಡೆ ದ್ರವ ಉಂಡೆ ಕಟ್ಟುತ್ತೆ, ಮುಟ್ಟಿದ್ದಕ್ಕೆಲ್ಲ ಅಂಟಿಕೊಳ್ಳುತ್ತೆ. ಐಕೋಸ್ಫಿಯರ್ (ತ್ರಿಕೋನಗಳಿಂದಾದ ಗೋಳ), ಸಬ್‌ಡಿವಿಶನ್ 5, ಮೇಲೆ ಕ್ಲೌಡ್ಸ್ ಟೆಕ್ಸ್ಚರ್‌ನ ಡಿಸ್ಪ್ಲೇಸ್ (ಮೇಲ್ಮೈಯನ್ನ ಉಬ್ಬುತಗ್ಗು ಮಾಡೋ ಮಾಡಿಫೈಯರ್), ಆ ಟೆಕ್ಸ್ಚರ್‌ಗೆ ಒಂದು ಎಂಪ್ಟಿ (ರೆಂಡರ್‌ನಲ್ಲಿ ಕಾಣದ ಗುರುತು ವಸ್ತು) ಕಟ್ಟಿ ನಿಧಾನಕ್ಕೆ ಸರಿಸಿ. ಒಂದು ಉಂಡೆ ಎರಡಾಗಬೇಕಾದ ಶಾಟ್‌ಗೆ ಮಾತ್ರ ಮೆಟಾಬಾಲ್ (ಹತ್ತಿರ ಬಂದ್ರೆ ಒಂದಕ್ಕೊಂದು ಕೂಡಿಕೊಳ್ಳೋ ಉಂಡೆ). ಮುಖಕ್ಕೆ ಬಡಿದ ಸಾರು ಚಿಮ್ಮಬಾರದು, ಮುಖವಾಡದ ಹಾಗೆ ಅಂಟಿ ಜೋಲಾಡಬೇಕು. ಒರೆಸಿದ್ರೆ ಕೈಗೆ ಬರುತ್ತೆ, ಕೊಡವಿದ್ರೆ ಪಕ್ಕದವರ ಮುಖಕ್ಕೆ.

ತಿಂಡಿಯ ಪುಡಿಯನ್ನೂ ಬಿಡಬೇಡಿ. 1965ರಲ್ಲಿ ನಾಸಾದ ಜೆಮಿನಿ 3 ನೌಕೆಯೊಳಗೆ ಗಗನಯಾತ್ರಿ ಜಾನ್ ಯಂಗ್ ಕದ್ದು ಒಯ್ದ ಸ್ಯಾಂಡ್‌ವಿಚ್ ಪುಡಿಯಾಗಿ ತೇಲಿ ದೊಡ್ಡ ರಾದ್ಧಾಂತವೇ ಆಗಿತ್ತು. ಈಗಲೂ ಸ್ಪೇಸ್ ಸ್ಟೇಷನ್‌ಗೆ ಉಪ್ಪು ನೀರಿನಲ್ಲಿ, ಮೆಣಸು ಎಣ್ಣೆಯಲ್ಲಿ ಕಲಸಿಯೇ ಬರುತ್ತೆ. ಅಜ್ಜಿ ಒಣ ಮೆಣಸಿನ ಪುಡಿ ಡಬ್ಬಿ ತೆಗೆದ್ರೆ 'ಅಕ್ಷೀ' ಅಂತ ಸೀನು ಶುರು, ಪ್ರತಿ ಸೀನಿಗೂ ಒಂದು ಹಿಮ್ಮುಖ ಪಲ್ಟಿ.

ಸದ್ದು_ಗದ್ದಲ:
ಚಂದ್ರನ ಶಾಟ್‌ಗೆ 'ಧಡ್' ಅಂತ ಹಾಕೋ ಮುಂಚೆ: ಹೊರಗೆ ಸದ್ದಿಲ್ಲ. ಬಿದ್ದ ಫ್ರೇಮ್‌ನಲ್ಲಿ ಪೂರ್ತಿ ಮೌನ, 12 ಫ್ರೇಮ್ ಹಾಗೇ ಬಿಡಿ, ಆಮೇಲೆ ಹೆಲ್ಮೆಟ್ ಒಳಗಿಂದ 'ಅಯ್ಯಪ್ಪಾ' ಅನ್ನೋ ನರಳಾಟ. ಏಣಿ ಹಿಡಿದುಕೊಂಡೋರಿಗೆ ಮಾತ್ರ ಏಣಿಯ ಅದುರು ಸೂಟ್ ಮೂಲಕ ಕೇಳುತ್ತೆ. 200 ಹರ್ಟ್ಜ್ ಮೇಲಿನದನ್ನ ಲೋ-ಪಾಸ್ ಫಿಲ್ಟರ್‌ನಲ್ಲಿ (ಕೆಳಗಿನ ಸದ್ದನ್ನಷ್ಟೇ ಬಿಡೋದು) ಕತ್ತರಿಸಿದ್ರೆ ಆ ಮಂದ ಗುದ್ದು ಸಿಗುತ್ತೆ. ಒಳಗಿನ ಬಾಣಲೆ ಶಾಟ್‌ನಲ್ಲಿ ಗಾಳಿ ಇದೆ, ಅಲ್ಲಿ ಎಷ್ಟು ಬೇಕಾದ್ರೂ ಠಣ್ ಅನ್ನಿಸಿ.